ಹಳೆಯ ಜೀಪಿನ ಸ್ಪ್ರಿಂಗು: ಸವೆದ ಭಾಗಗಳನ್ನು ಸರಿಪಡಿಸುವ ಕ್ರಮ

(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಪಾಠ)



ಎತ್ತಿನ ಗಾಡಿ ಹೂಡುವ ರೈತ ಹೊರಡುವ ಮುನ್ನ ಎರಡು ಸಂಗತಿಗಳನ್ನು ತಪ್ಪದೆ ನೋಡುತ್ತಾನೆ: ಅಚ್ಚಿಗೆ ಕೀಲೆಣ್ಣೆ ಇದೆಯೇ, ಕಡಾಣಿ ಭದ್ರವಾಗಿದೆಯೇ. ಗಾಲಿ, ಮೂಕಿ, ನೊಗ ಎಲ್ಲವೂ ಗಟ್ಟಿಯಾಗಿದ್ದರೂ ಬೆರಳುದ್ದದ ಕಡಾಣಿ ಜಾರಿದರೆ ಗಾಲಿ ಕಳಚುತ್ತದೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಅದೇ ರೈತನ ಕೊಟ್ಟಿಗೆಯ ಪಕ್ಕದಲ್ಲಿ ಹಳೆಯ ಜೀಪೊಂದು ನಿಂತಿದ್ದರೆ ಈ ಎಚ್ಚರ ಅದರ ಹತ್ತಿರ ಸುಳಿಯುವುದಿಲ್ಲ. ಎಂಜಿನ್ನಿಗೆ ಆಯಿಲ್, ರೇಡಿಯೇಟರಿಗೆ ನೀರು ಬೀಳುತ್ತವೆ. ಗಾಡಿಯ ಭಾರವನ್ನೆಲ್ಲ ಹೊತ್ತ ಸ್ಪ್ರಿಂಗು, ಶ್ಯಾಕಲ್, ಬುಶ್‌ಗಳನ್ನು ಮಾತ್ರ ಮುರಿಯುವ ತನಕ ಯಾರೂ ಬಗ್ಗಿ ನೋಡುವುದಿಲ್ಲ.

ಮುರಿದಾಗ ನಡೆಯುವುದು ಸಾಮಾನ್ಯವಾಗಿ ಹೀಗೆ. ಗ್ಯಾರೇಜಿಗೆ ಹೋಗಿ ಹೊಸ ಬ್ಲೇಡು ಹಾಕಿಸುತ್ತಾರೆ. ಒಂದು ಮಳೆಗಾಲ ಕಳೆಯುವುದರೊಳಗೆ ಅದೂ ಅದೇ ಜಾಗದಲ್ಲಿ ಮುರಿಯುತ್ತದೆ. ಈಗಿನ ಉಕ್ಕು ಹಿಂದಿನಂತಿಲ್ಲ ಎಂದು ದೂರಿ, ಮುಂದಿನ ಸಲ ಒಂದು ಬ್ಲೇಡು ಹೆಚ್ಚಿಗೆ ಸೇರಿಸುತ್ತಾರೆ. ಎಲೆ ಹಳದಿಯಾಯಿತೆಂದು ಬೇರನ್ನು ನೋಡದೆ ಯೂರಿಯಾ ಎರಚಿದಂತೆ ಇದು. ದೋಷ ಬಹುಮಟ್ಟಿಗೆ ಬ್ಲೇಡಿನಲ್ಲಿ ಇರುವುದಿಲ್ಲ, ಅದರ ತುದಿಯ ಕೀಲುಗಳಲ್ಲಿ ಇರುತ್ತದೆ. ಕೀಲು ಸರಿಯಿದ್ದರೆ ಹಳೆಯ ಬ್ಲೇಡೂ ಬಾಳುತ್ತದೆ; ಕೀಲು ಬಿಗಿದುಕೊಂಡಿದ್ದರೆ ಹೊಸ ಬ್ಲೇಡೂ ಮುರಿಯುತ್ತದೆ.

ಯಾವ ಜೀಪುಗಳು?

ಜೀಪು 1941ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಸೈನ್ಯಕ್ಕಾಗಿ ಹೆಚ್ಚಿನ ಸಂಖ್ಯೆಯಲ್ಲಿ ತಯಾರಾಗತೊಡಗಿತು. ಯುದ್ಧ ಮುಗಿದ 1945ರಲ್ಲಿ ವಿಲ್ಲೀಸ್ ಕಂಪನಿ ಸಿಜೆ 2ಎ ಎಂಬ ನಾಗರಿಕ ಮಾದರಿಯನ್ನು ಹೊರತಂದು, ಹೊಲದ ಕೆಲಸಕ್ಕೂ ಸಂತೆಯ ಓಡಾಟಕ್ಕೂ ಒದಗುವ ವಾಹನವೆಂದು ರೈತರಿಗೆ ಮಾರಿತು. ನಮ್ಮ ದೇಶದಲ್ಲಿ 1947ರಲ್ಲಿ ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿತು. ವಿಲ್ಲೀಸ್ 1953ರಲ್ಲಿ ಹೊರತಂದ ಸಿಜೆ 3ಬಿ ಇಲ್ಲಿ ದಶಕಗಳ ಕಾಲ ತಯಾರಾಯಿತು. 1985ರಲ್ಲಿ ಡೀಸೆಲ್ ಎಂಜಿನ್ನಿನ ಎಂ.ಎಂ. 540 ಬಂದಿತು.

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ತೋಟಗಳಲ್ಲಿ ಈ ಬಗೆಯ ಜೀಪುಗಳು ಇಂದಿಗೂ ಗೊಬ್ಬರ, ಕಾಫಿ ಹಣ್ಣು, ಕೆಲಸದವರು ಎಲ್ಲವನ್ನೂ ಹೊರುತ್ತಿವೆ. ಇವುಗಳ ಮುಂದೆಯೂ ಹಿಂದೆಯೂ ಒಂದೇ ಅಖಂಡ ಆಕ್ಸಲ್ಲು, ನಾಲ್ಕು ಮೂಲೆಗಳಲ್ಲಿ ನಾಲ್ಕು ಬ್ಲೇಡ್ ಸ್ಪ್ರಿಂಗುಗಳು ಇರುತ್ತವೆ. ಮುಂದೆ ಹೇಳುವ ಕ್ರಮಗಳು ಇವುಗಳಿಗೆ ಅನ್ವಯಿಸುತ್ತವೆ. 2020ರಲ್ಲಿ ಬಂದ ಹೊಸ ಥಾರ್‌ನಲ್ಲಿ ಸುರುಳಿ ಸ್ಪ್ರಿಂಗುಗಳಿರುವುದರಿಂದ ಅದರ ವಿಷಯ ಬೇರೆ.

ಸ್ಪ್ರಿಂಗು ಕೆಲಸ ಮಾಡುವ ಬಗೆ

ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಬ್ಲೇಡುಗಳ ಕಟ್ಟೇ ಸ್ಪ್ರಿಂಗು. ಎಲ್ಲಕ್ಕಿಂತ ಉದ್ದನೆಯದು ಮುಖ್ಯ ಬ್ಲೇಡು. ಅದರ ಎರಡು ತುದಿಗಳನ್ನು ಸುತ್ತಿ ಕಣ್ಣು ಮಾಡಿರುತ್ತಾರೆ. ಎಲ್ಲ ಬ್ಲೇಡುಗಳನ್ನೂ ನಡುವೆ ಪೋಣಿಸಿ ಹಿಡಿಯುವುದು ಸೆಂಟರ್ ಬೋಲ್ಟು. ಇಡೀ ಕಟ್ಟನ್ನು ಆಕ್ಸಲ್ಲಿಗೆ ಅಪ್ಪಿಸುವುದು ಯು ಬೋಲ್ಟುಗಳು.

ಸ್ಪ್ರಿಂಗಿನ ಒಂದು ಕಣ್ಣು ಛಾಸಿಗೆ ಪಿನ್ನಿನ ಮೂಲಕ ನೇರವಾಗಿ ಸೇರಿರುತ್ತದೆ. ಇನ್ನೊಂದು ಕಣ್ಣು ಶ್ಯಾಕಲ್ ಎಂಬ ಕೊಂಡಿಯಿಂದ ತೂಗುತ್ತಿರುತ್ತದೆ. ಇದಕ್ಕೆ ಕಾರಣವಿದೆ. ಬಿಲ್ಲಿನಂತೆ ಬಾಗಿದ ಸ್ಪ್ರಿಂಗು ಭಾರ ಬಿದ್ದಾಗ ನೇರವಾಗುತ್ತದೆ. ನೇರವಾದಂತೆ ಎರಡು ಕಣ್ಣುಗಳ ನಡುವಿನ ಅಂತರ ಹೆಚ್ಚುತ್ತದೆ. ಆ ಹೆಚ್ಚಿದ ಉದ್ದಕ್ಕೆ ಎಡೆ ಕೊಡುವುದು ಶ್ಯಾಕಲ್. ಪ್ರತಿಯೊಂದು ಗುಂಡಿಗೂ ಅದು ತೊಟ್ಟಿಲಿನಂತೆ ಹಿಂದೆ ಮುಂದೆ ತೂಗಬೇಕು.

ಕೆಸರು, ತುಕ್ಕು, ಒಣಗಿದ ಗ್ರೀಸುಗಳಿಂದ ಶ್ಯಾಕಲ್ ಹಿಡಿದುಕೊಂಡರೆ ಬ್ಲೇಡಿಗೆ ಉದ್ದವಾಗಲು ಜಾಗ ಸಿಗದು. ಆಗ ಬಾಗುವ ಒತ್ತಡವೆಲ್ಲ ಕಣ್ಣಿನ ಬುಡದಲ್ಲಿ ಸೇರಿ ಅಲ್ಲಿಯೇ ಬಿರುಕು ಹುಟ್ಟುತ್ತದೆ. ಇದಕ್ಕೆ ವಿರುದ್ಧವಾಗಿ ಬುಶ್ ಸವೆದು ಸಡಿಲವಾದರೆ ಆಕ್ಸಲ್ಲು ಬೇಕಾದಂತೆ ಓಲಾಡುತ್ತದೆ. ಬಿಗಿಯೂ ಕೆಟ್ಟದ್ದು, ಸಡಿಲವೂ ಕೆಟ್ಟದ್ದು. ಆಟವಿಲ್ಲದೆ ತಿರುಗುವುದೇ ಸರಿಯಾದ ಸ್ಥಿತಿ.

ಸವೆತದ ಲಕ್ಷಣಗಳು

1. ಸಮನಾದ ರಸ್ತೆಯಲ್ಲಿ ಗಾಡಿ ಒಂದು ಬದಿಗೆ ಎಳೆಯುವುದು, ಸ್ಟಿಯರಿಂಗನ್ನು ಮತ್ತೆ ಮತ್ತೆ ತಿದ್ದಬೇಕಾಗುವುದು.
2. ಬ್ರೇಕು ಹಿಡಿದಾಗ, ಬಿಟ್ಟಾಗ ಅಡಿಯಿಂದ ಟಕ್ ಎಂಬ ಶಬ್ದ ಬರುವುದು. ಇದು ಸವೆದ ಬುಶ್ ಅಥವಾ ಸಡಿಲವಾದ ಯು ಬೋಲ್ಟಿನ ಸೂಚನೆ.
3. ಸಣ್ಣ ಗುಂಡಿಗೂ ಪೆಟ್ಟು ನೇರ ಸೀಟಿಗೆ ಬಡಿಯುವುದು. ಇದು ಹಿಡಿದುಕೊಂಡ ಶ್ಯಾಕಲ್ ಅಥವಾ ತುಕ್ಕಿನಿಂದ ಅಂಟಿಕೊಂಡ ಬ್ಲೇಡುಗಳ ಸೂಚನೆ.
4. ಖಾಲಿ ಗಾಡಿಯೂ ಒಂದು ಮೂಲೆಗೆ ವಾಲಿ ನಿಲ್ಲುವುದು.
5. ಮುಂದಿನ ಚಕ್ರಗಳು ಒಂದು ವೇಗದಲ್ಲಿ ಥರಥರ ನಡುಗುವುದು. ಇದಕ್ಕೆ ಕಿಂಗ್ ಪಿನ್ನಿನ ಬೇರಿಂಗು, ಟೈ ರಾಡಿನ ಸವೆತವೂ ಕಾರಣವಾಗಬಹುದು. ಆದುದರಿಂದ ಅವನ್ನೂ ಪರೀಕ್ಷಿಸಬೇಕು.

ಬಿಚ್ಚುವ ಮೊದಲು ಅಳೆಯುವುದು

ಸ್ಪ್ಯಾನರು ಕೈಗೆ ತೆಗೆದುಕೊಳ್ಳುವ ಮೊದಲು ಟೇಪು ತೆಗೆದುಕೊಳ್ಳಬೇಕು. ಕಾಫಿ ಒಣಗಿಸುವ ಸಿಮೆಂಟು ಕಣ ಇದಕ್ಕೆ ಒಳ್ಳೆಯ ಜಾಗ. ನಾಲ್ಕೂ ಟೈರುಗಳ ಗಾಳಿ ಸರಿಪಡಿಸಿ, ಖಾಲಿ ಜೀಪನ್ನು ಕಣದಲ್ಲಿ ನಿಲ್ಲಿಸಿ, ಪ್ರತಿಯೊಂದು ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರವನ್ನು ಬರೆದಿಟ್ಟುಕೊಳ್ಳಬೇಕು. ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುವುದರಿಂದ, ಜೀಪನ್ನು ಹಿಂದುಮುಂದಾಗಿ ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿ ಇನ್ನೊಮ್ಮೆ ಅಳೆಯಬೇಕು. ಎರಡು ಸಲವೂ ಅದೇ ಮೂಲೆ ತಗ್ಗಾಗಿ ಕಂಡರೆ ಆ ಸ್ಪ್ರಿಂಗು ಸೋತಿದೆ ಎಂದರ್ಥ.

ಎರಡನೆಯ ಅಳತೆ ಇನ್ನೂ ಮುಖ್ಯ. ಮುಂದಿನ ಚಕ್ರಗಳನ್ನು ನೇರವಾಗಿಟ್ಟು, ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗಿನ ಉದ್ದವನ್ನು ಎರಡು ಬದಿಗಳಲ್ಲೂ ಅಳೆಯಬೇಕು. ಹಳೆಯ ಸಣ್ಣ ಜೀಪುಗಳಲ್ಲಿ ಇದು ಸುಮಾರು 80 ಅಂಗುಲ, ಅಂದರೆ 203 ಸೆಂ.ಮೀ. ಇರುತ್ತದೆ. ಒಂದು ಬದಿ ಕಡಿಮೆ, ಇನ್ನೊಂದು ಬದಿ ಹೆಚ್ಚು ಬಂದರೆ ಆಕ್ಸಲ್ಲು ತನ್ನ ಜಾಗದಿಂದ ಸರಿದಿದೆ. ಯು ಬೋಲ್ಟು ಸಡಿಲವಾಗಿ ಸೆಂಟರ್ ಬೋಲ್ಟು ತುಂಡಾಗಿರಬಹುದು, ಇಲ್ಲವೆ ಮುಖ್ಯ ಬ್ಲೇಡು ಮುರಿದಿರಬಹುದು. ಅಂಥ ಗಾಡಿಯನ್ನು ಸರಿಪಡಿಸುವವರೆಗೆ ರಸ್ತೆಗೆ ಇಳಿಸಬಾರದು. ಕೆಲಸದವರನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬ್ರೇಕು ಹಿಡಿದ ಗಳಿಗೆಯಲ್ಲಿ ಆಕ್ಸಲ್ಲು ಸರಿದರೆ ಸ್ಟಿಯರಿಂಗು ಕೈಯಲ್ಲಿದ್ದೂ ಪ್ರಯೋಜನವಿಲ್ಲ.

ಕೊನೆಯದಾಗಿ, ಶ್ಯಾಕಲ್ ಮತ್ತು ಛಾಸಿಯ ನಡುವೆ ಸಣ್ಣ ಹಾರೆಯ ತುದಿಯನ್ನಿಟ್ಟು ಮೆಲ್ಲನೆ ಮೀಟಬೇಕು. ಕಣ್ಣಿನೊಳಗೆ ಪಿನ್ನು ಕುಣಿದರೆ ಬುಶ್ ಮುಗಿದಿದೆ.

ಬಿಚ್ಚುವಾಗ ಎಚ್ಚರಿಕೆ

ಕೆಲಸಕ್ಕೆ ಒಂದೆರಡು ದಿನ ಮೊದಲೇ ಎಲ್ಲ ನಟ್ಟುಗಳ ಕೆಸರು ಕೆರೆದು, ತುಕ್ಕು ಬಿಡಿಸುವ ಎಣ್ಣೆಯನ್ನಾಗಲಿ ಡೀಸೆಲ್ಲನ್ನಾಗಲಿ ಹಚ್ಚಿ ನೆನೆಯಬಿಡಬೇಕು.

ಒಂದು ಸಲಕ್ಕೆ ಒಂದೇ ಸ್ಪ್ರಿಂಗನ್ನು ಬಿಚ್ಚುವುದು ಲೇಸು. ಪಕ್ಕದ ಸ್ಪ್ರಿಂಗು ಆಕ್ಸಲ್ಲನ್ನು ಹಿಡಿದಿರುತ್ತದೆ, ಜೋಡಣೆಗೆ ಮಾದರಿಯೂ ಆಗುತ್ತದೆ. ನೆಲದ ಮೇಲಿರುವ ಚಕ್ರಗಳ ಎರಡು ಬದಿಗೂ ಮರದ ತಡೆ ಕೊಡಬೇಕು. ಜ್ಯಾಕಿನಿಂದ ಎತ್ತಿದ ಕೂಡಲೇ ಛಾಸಿಯ ಅಡಿಗೆ ಭದ್ರವಾದ ಕಬ್ಬಿಣದ ಸ್ಟ್ಯಾಂಡು ಇಡಬೇಕು. ಬರಿಯ ಜ್ಯಾಕನ್ನು ನಂಬಿ ಗಾಡಿಯ ಕೆಳಗೆ ತಲೆ ಹಾಕುವುದು ಪ್ರಾಣಾಪಾಯಕರ. ಇಟ್ಟಿಗೆ ಮತ್ತು ಟೊಳ್ಳು ಸಿಮೆಂಟು ಬ್ಲಾಕುಗಳು ಎಚ್ಚರಿಕೆ ಕೊಡದೆ ಒಡೆಯುವುದರಿಂದ ಅವನ್ನು ಎಂದಿಗೂ ಬಳಸಬಾರದು. ಆಕ್ಸಲ್ಲಿನ ಅಡಿಗೆ ಇನ್ನೊಂದು ಜ್ಯಾಕು ಕೊಟ್ಟು ಅದರ ಭಾರ ಹೊರಿಸಬೇಕು. ಇಲ್ಲವಾದರೆ ಆಕ್ಸಲ್ಲು ಬ್ರೇಕಿನ ರಬ್ಬರು ಕೊಳವೆಗೆ ಜೋತುಬಿದ್ದು ಅದು ಕಿತ್ತುಹೋಗುವ ಸಂಭವವಿದೆ.

ಸ್ಪ್ರಿಂಗಿನ ಮೇಲೆ ಭಾರವಿಲ್ಲದಂತಾದ ಮೇಲೆ ಯು ಬೋಲ್ಟು, ನಂತರ ಎರಡು ತುದಿಗಳನ್ನು ಬಿಚ್ಚಬೇಕು. ಸೆಂಟರ್ ಬೋಲ್ಟನ್ನು ಬಿಚ್ಚುವ ಮುನ್ನ ಕಟ್ಟನ್ನು ದೊಡ್ಡ ವೈಸಿನಲ್ಲಿ ಬಿಗಿದು ಹಿಡಿಯಬೇಕು. ಬಿಗಿಯದೆ ಬಿಚ್ಚಿದರೆ ಬ್ಲೇಡುಗಳು ಸಿಡಿದು ಕೈಗೆ, ಮುಖಕ್ಕೆ ಗಾಯವಾಗಬಹುದು. ಬಿಚ್ಚಿದ ಬ್ಲೇಡುಗಳಿಗೆ ಸೀಮೆಸುಣ್ಣದಿಂದ ಕ್ರಮಸಂಖ್ಯೆ ಹಾಕಿ, ಮುಂದಿನ ತುದಿ ಯಾವುದೆಂದು ಗುರುತು ಮಾಡಬೇಕು.

ಬ್ಲೇಡುಗಳ ಪರೀಕ್ಷೆ

ತಂತಿ ಬ್ರಷ್ಷಿನಿಂದ ತುಕ್ಕು ತೆಗೆದು, ಪ್ರತಿಯೊಂದು ಬ್ಲೇಡಿಗೂ ಸೀಮೆಎಣ್ಣೆಯನ್ನಾಗಲಿ ಡೀಸೆಲ್ಲನ್ನಾಗಲಿ ಸವರಿ ಕಾಲು ಗಂಟೆ ಬಿಡಬೇಕು. ಆಮೇಲೆ ಬಟ್ಟೆಯಿಂದ ಚೆನ್ನಾಗಿ ಒರಸಿ, ಸೀಮೆಸುಣ್ಣದ ಪುಡಿ ತಿಕ್ಕಬೇಕು. ಬಿರುಕಿದ್ದರೆ ಅದರೊಳಗೆ ಇಳಿದಿದ್ದ ಎಣ್ಣೆ ಮೇಲೆದ್ದು ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಕಾಣುತ್ತದೆ. ಕಣ್ಣಿನ ಬುಡ, ಸೆಂಟರ್ ಬೋಲ್ಟಿನ ರಂಧ್ರದ ಸುತ್ತ, ಕೆಳಗಿನ ಬ್ಲೇಡಿನ ತುದಿ ಉಜ್ಜುವ ಜಾಗ, ಈ ಮೂರು ಕಡೆ ವಿಶೇಷವಾಗಿ ನೋಡಬೇಕು. ಬಿರುಕು ಎಷ್ಟೇ ಸಣ್ಣದಿರಲಿ, ಆ ಬ್ಲೇಡನ್ನು ತೆಗೆದುಹಾಕಬೇಕು.

ಬಹಳ ವರ್ಷ ಓಡಿದ ಸ್ಪ್ರಿಂಗಿನಲ್ಲಿ ಪ್ರತಿಯೊಂದು ಬ್ಲೇಡಿನ ತುದಿಯೂ ತನ್ನ ಮೇಲಿನ ಬ್ಲೇಡನ್ನು ಕೊರೆದು ಮೆಟ್ಟಿಲಿನಂಥ ಗೀರು ಮಾಡಿರುತ್ತದೆ. ಗೀರು ತೆಳುವಾಗಿದ್ದರೆ ಅರದಿಂದ ಉದ್ದಕ್ಕೆ ಉಜ್ಜಿ ನುಣುಪು ಮಾಡಬಹುದು. ಆಳವಾಗಿದ್ದರೆ ಬ್ಲೇಡನ್ನೇ ಬದಲಾಯಿಸಬೇಕು. ಬ್ಲೇಡುಗಳನ್ನು ಬದಿಯಿಂದ ಅಪ್ಪಿ ಹಿಡಿಯುವ ಕ್ಲಿಪ್ಪುಗಳನ್ನು ಅಲಕ್ಷ್ಯ ಮಾಡಬಾರದು. ಚಕ್ರ ಗುಂಡಿಗೆ ಇಳಿದಾಗ ಕೆಳಗಿನ ಬ್ಲೇಡುಗಳು ಮುಖ್ಯ ಬ್ಲೇಡಿನೊಂದಿಗೆ ಒಂದಾಗಿ ಬಾಗುವಂತೆ ಮಾಡುವುದೇ ಅವು. ಕ್ಲಿಪ್ಪು ಬಿದ್ದುಹೋದರೆ ಬ್ಲೇಡುಗಳು ಬೀಸಣಿಗೆಯಂತೆ ಅಗಲಿ, ಎಲ್ಲ ಹೊರೆಯೂ ಮುಖ್ಯ ಬ್ಲೇಡಿನ ಪಾಲಾಗುತ್ತದೆ.

ಬುಶ್, ಪಿನ್ನು ಮತ್ತು ಶ್ಯಾಕಲ್

ಪಿನ್ನಿನ ಸವೆತವನ್ನು ತಿಳಿಯಲು ಬೇರೆ ಪುಸ್ತಕ ಬೇಕಾಗಿಲ್ಲ. ಬುಶ್‌ನ ಒಳಗೆ ತಿರುಗದ ತುದಿಯ ಭಾಗ ಸವೆದಿರುವುದಿಲ್ಲ. ಆ ಭಾಗವನ್ನೂ ತಿರುಗುವ ಭಾಗವನ್ನೂ ವರ್ನಿಯರಿನಿಂದ ಅಳೆದು ಹೋಲಿಸಿದರೆ ಸಾಕು. ಸವೆದ ಪಿನ್ನಿಗೆ ಹೊಸ ಬುಶ್ ಹಾಕುವುದು, ಹೊಸ ಪಿನ್ನಿಗೆ ಹಳೆಯ ಬುಶ್ ಉಳಿಸುವುದು ಎರಡೂ ನಷ್ಟವೇ, ಜೋಡಿಯಾಗಿಯೇ ಬದಲಾಯಿಸಬೇಕು. ಲೇತಿನಲ್ಲಿ ಪಿನ್ನು ಮಾಡಿಸುವುದಾದರೆ ಅದರ ಮೇಲ್ಮೈ ಗಡಸು ಮಾಡಿಸಿರಬೇಕು. ಮೆದು ಕಬ್ಬಿಣದ ಪಿನ್ನು ಬೇಗ ಸವೆಯುತ್ತದೆ.

ಬುಶ್ ಹೊರತೆಗೆಯಲು ಸುತ್ತಿಗೆಯಿಂದ ಬಡಿದರೆ ಕಣ್ಣು ಅಗಲವಾಗುತ್ತದೆ. ಉದ್ದನೆಯ ಬೋಲ್ಟು, ದಪ್ಪ ವಾಶರುಗಳು ಮತ್ತು ಬುಶ್‌ಗಿಂತ ಸ್ವಲ್ಪ ದೊಡ್ಡದಾದ ಪೈಪಿನ ತುಂಡು ಇದ್ದರೆ, ನಟ್ಟು ತಿರುಗಿಸುತ್ತ ಹಳೆಯ ಬುಶ್‌ಅನ್ನು ನೇರವಾಗಿ ಎಳೆದು ತೆಗೆಯಬಹುದು. ಹೊಸದನ್ನೂ ಹಾಗೆಯೇ ಕೂರಿಸಬಹುದು.

ವಿಲ್ಲೀಸ್ ಮೂಲದ ಹಳೆಯ ಮಾದರಿಗಳಲ್ಲಿ ಶ್ಯಾಕಲ್ ಯು ಆಕಾರದ್ದು. ಅದರ ಎರಡು ಕಾಲುಗಳಿಗೂ ಥ್ರೆಡ್ಡು ಇದ್ದು, ಥ್ರೆಡ್ಡಿನ ಬುಶ್‌ಗಳು ಅವುಗಳ ಮೇಲೆ ತಿರುಗಿ ಕೂರುತ್ತವೆ. ನಾಲ್ಕು ಶ್ಯಾಕಲ್‌ಗಳಿಗೆ ಒಟ್ಟು ಎಂಟು ಬುಶ್‌ಗಳು. ಅವುಗಳಲ್ಲಿ ಆರು ಸಾಮಾನ್ಯ ಬಲಗೈ ಥ್ರೆಡ್ಡಿನವು, ಎರಡು ಎಡಗೈ ಥ್ರೆಡ್ಡಿನವು. ಎಡಗೈ ಥ್ರೆಡ್ಡಿನ ಬುಶ್‌ನ ತಲೆಯ ಸುತ್ತ ಒಂದು ಗೆರೆ ಕೊರೆದಿರುತ್ತದೆ. ಇದನ್ನು ಅರಿಯದೆ ಬಲವಂತವಾಗಿ ತಿರುಗಿಸಿ ಥ್ರೆಡ್ಡು ಹಾಳು ಮಾಡಿದ ಜೀಪುಗಳು ಅನೇಕ.

ಇವುಗಳನ್ನು ಕೂರಿಸುವ ಕ್ರಮ ಹೀಗೆ. ಶ್ಯಾಕಲನ್ನು ಛಾಸಿಗೆ ಒತ್ತಿ ಹಿಡಿದು ಮೇಲಿನ ಬುಶ್‌ಅನ್ನು ಅರ್ಧದಷ್ಟು ತಿರುಗಿಸಬೇಕು. ನಂತರ ಸ್ಪ್ರಿಂಗಿನ ಕಣ್ಣಿಗೆ ಒತ್ತಿ ಹಿಡಿದು ಕೆಳಗಿನದನ್ನು ಅರ್ಧದಷ್ಟು ತಿರುಗಿಸಬೇಕು. ಆಮೇಲೆ ಮೇಲಿನದೊಮ್ಮೆ, ಕೆಳಗಿನದೊಮ್ಮೆ ತಿರುಗಿಸುತ್ತ ಮೇಲಿನ ಬುಶ್‌ನ ತಲೆ ಛಾಸಿಗೆ ತಾಗುವವರೆಗೆ ಒಯ್ಯಬೇಕು. ಕೆಳಗಿನ ಬುಶ್‌ನ ತಲೆಗೂ ಸ್ಪ್ರಿಂಗಿಗೂ ನಡುವೆ ಅಂಗುಲದ 32ನೆಯ ಒಂದು ಭಾಗ, ಅಂದರೆ ಸುಮಾರು 0.8 ಮಿ.ಮೀ. ಎಡೆ ಉಳಿಯಬೇಕು. ಗ್ರೀಸು ತುಂಬಿ ಶ್ಯಾಕಲನ್ನು ಕೈಯಿಂದ ತೂಗಿಸಿ ನೋಡಬೇಕು. ಸರಾಗವಾಗಿ ತೂಗದಿದ್ದರೆ ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಬೇಕು. ಓಡಿದಂತೆ ತಾನೇ ಸಡಿಲವಾಗುತ್ತದೆ ಎಂದು ಬಿಟ್ಟರೆ ಅದು ಸಡಿಲವಾಗುವ ಮುನ್ನ ಬ್ಲೇಡು ಮುರಿದಿರುತ್ತದೆ.

ಮುಂದೆ ಬಂದ ಮಾದರಿಗಳಲ್ಲಿ ರಬ್ಬರು ಬುಶ್‌ಗಳಿವೆ. ಇಲ್ಲಿ ಎರಡು ನಿಯಮಗಳನ್ನು ನೆನಪಿಡಬೇಕು. ಮೊದಲನೆಯದು, ರಬ್ಬರಿಗೆ ಗ್ರೀಸು, ಆಯಿಲ್ ಸೋಕಿಸಬಾರದು. ಸೋಕಿದರೆ ಅದು ಉಬ್ಬಿ ಮೆತ್ತಗಾಗುತ್ತದೆ. ಎರಡನೆಯದು, ಗಾಡಿ ಜ್ಯಾಕಿನ ಮೇಲಿರುವಾಗ ಬೋಲ್ಟುಗಳನ್ನು ಪೂರ್ತಿ ಬಿಗಿಯಬಾರದು. ಚಕ್ರ ನೆಲಕ್ಕಿಳಿದು ಗಾಡಿಯ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಇಲ್ಲವಾದರೆ ನಿಂತಲ್ಲಿಯೇ ರಬ್ಬರು ತಿರುಚಿಕೊಂಡಿದ್ದು ಬೇಗ ಹರಿಯುತ್ತದೆ.

ಮರುಜೋಡಣೆ

ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸನ್ನು ತೆಳುವಾಗಿ ಸವರಿ, ಹೊಸ ಸೆಂಟರ್ ಬೋಲ್ಟು ಹಾಕಿ ಕಟ್ಟಬೇಕು. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಪೀಠದ ರಂಧ್ರದೊಳಗೆ ಸರಿಯಾಗಿ ಕೂತಿದೆಯೇ ಎಂದು ನೋಡಿದ ನಂತರವೇ ಯು ಬೋಲ್ಟು ಬಿಗಿಯಬೇಕು. ಹಳೆಯ ಯು ಬೋಲ್ಟು ಎಳೆದು ಉದ್ದವಾಗಿರುವುದರಿಂದ ಹೊಸದನ್ನೇ ಹಾಕುವುದು ಉತ್ತಮ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ, ಸಮನಾಗಿ ಬಿಗಿಯಬೇಕು. ಒಂದೆರಡು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಬಿಗಿದು ನೋಡುವುದು ಅತ್ಯವಶ್ಯ.

ಮುಂದಿನ ಆಕ್ಸಲ್ಲು ಮತ್ತು ಸ್ಪ್ರಿಂಗಿನ ನಡುವೆ ಇಳಿಜಾರಾದ ಲೋಹದ ಬಿಲ್ಲೆ ಇದ್ದಿದ್ದರೆ ಅದನ್ನು ಇದ್ದ ದಿಕ್ಕಿನಲ್ಲಿಯೇ ಇಡಬೇಕು. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವಂತೆ ಜೀಪಿನ ಮುಂದಿನ ಆಕ್ಸಲ್ಲೂ ಹಿಂದಕ್ಕೆ ಸುಮಾರು 3 ಡಿಗ್ರಿ ಓರೆಯಾಗಿರಬೇಕು. ತಿರುವು ಮುಗಿದ ಮೇಲೆ ಸ್ಟಿಯರಿಂಗು ತಾನಾಗಿ ನೇರಕ್ಕೆ ಮರಳುವುದು ಇದರಿಂದಲೇ.

ಶಾಕ್ ಅಬ್ಸಾರ್ಬರುಗಳನ್ನೂ ಇದೇ ವೇಳೆ ನೋಡಬೇಕು. ಎಣ್ಣೆ ಸೋರಿದ ಗುರುತಿದ್ದರೆ, ಅಥವಾ ಬಂಪರನ್ನು ಒತ್ತಿ ಬಿಟ್ಟಾಗ ಗಾಡಿ ಹಲವು ಸಲ ಕುಣಿದರೆ, ಜೋಡಿಯಾಗಿ ಬದಲಾಯಿಸಬೇಕು.

ಮಾಡಬಾರದ ಮೂರು ಕೆಲಸಗಳು

1. ಮುರಿದ ಬ್ಲೇಡಿಗೆ ವೆಲ್ಡಿಂಗ್ ಮಾಡಿಸಬಾರದು. ಸ್ಪ್ರಿಂಗಿನ ಉಕ್ಕನ್ನು ಸುಮಾರು 850ರಿಂದ 900 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಕಡಿಮೆ ಶಾಖದಲ್ಲಿ ಹದ ಮಾಡಿರುತ್ತಾರೆ. ವೆಲ್ಡಿಂಗ್ ಶಾಖಕ್ಕೆ ಆ ಹದ ಕೆಟ್ಟು, ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಮುರಿಯುತ್ತದೆ.

2. ಚಪ್ಪಟೆಯಾದ ಬ್ಲೇಡನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೆಯೇ ಆರಲು ಬಿಡಬಾರದು. ನೋಡಲು ಬಿಲ್ಲಿನಂತಾದರೂ ಅದು ಮೆತ್ತಗಿನ ಪಟ್ಟಿ. ಕೆಲವೇ ದಿನಗಳಲ್ಲಿ ಮತ್ತೆ ಚಪ್ಪಟೆಯಾಗುತ್ತದೆ. ಬಾಗು ಕೊಡಿಸುವುದಾದರೆ ಎಣ್ಣೆಯಲ್ಲಿ ಅದ್ದಿ ಪುನಃ ಹದ ಮಾಡಿಕೊಡುವ ಸ್ಪ್ರಿಂಗ್ ಕೆಲಸದವರಲ್ಲಿಯೇ ಕೊಡಿಸಬೇಕು.

3. ಹೆಚ್ಚು ಹೊರೆ ಹೇರಲೆಂದು ಬ್ಲೇಡು ಸೇರಿಸಬಾರದು. ಸೈನ್ಯದವರು ಈ ಜೀಪಿಗೆ ಇಟ್ಟ ಹೆಸರೇ ಕಾಲು ಟನ್ನಿನ ಟ್ರಕ್ಕು. ಅಮೆರಿಕದ ಲೆಕ್ಕದಲ್ಲಿ ಕಾಲು ಟನ್ನು ಎಂದರೆ ಸುಮಾರು 227 ಕಿ.ಗ್ರಾಂ. ಅಂದರೆ 45 ಕಿ.ಗ್ರಾಂ. ತೂಗುವ ಐದು ಯೂರಿಯಾ ಚೀಲಗಳು. ಸ್ಪ್ರಿಂಗನ್ನು ಗಡಸು ಮಾಡಿದರೆ ಗುಂಡಿಯ ಪೆಟ್ಟು ಮಾಯವಾಗುವುದಿಲ್ಲ, ಛಾಸಿಗೆ ವರ್ಗವಾಗುತ್ತದೆ. ಬ್ಲೇಡು ಉಳಿದರೂ ಛಾಸಿಯ ಬ್ರಾಕೆಟ್ಟು ಬಿರಿಯುತ್ತದೆ. ಆ ದುರಸ್ತಿಯ ಖರ್ಚು ಬುಶ್‌ಗಳ ಖರ್ಚಿನಂತಲ್ಲ.

ನಿತ್ಯದ ಪಾಲನೆ

ವಿಲ್ಲೀಸ್ ಜೀಪಿನ ಕೈಪಿಡಿ ಶ್ಯಾಕಲ್‌ಗಳಿಗೆ 1000 ಮೈಲಿಗೊಮ್ಮೆ, ಅಂದರೆ ಸುಮಾರು 1600 ಕಿ.ಮೀ.ಗೊಮ್ಮೆ ಗ್ರೀಸು ಹಾಕಬೇಕೆಂದು ಹೇಳುತ್ತದೆ. ಅದು ಸಾಧಾರಣ ರಸ್ತೆಯ ಲೆಕ್ಕ. ಮಲೆನಾಡಿನ ಮಳೆಗಾಲದಲ್ಲಿ, ಹಳ್ಳ ದಾಟಿ ಕೆಸರಿನಲ್ಲಿ ಓಡುವ ಗಾಡಿಗೆ ವಾರಕ್ಕೊಮ್ಮೆ ಹಾಕಿದರೂ ಹೆಚ್ಚಲ್ಲ. ಹಳೆಯ ಕೆಸರು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಗನ್ನು ಒತ್ತಬೇಕು. ಎಷ್ಟು ಒತ್ತಿದರೂ ಗ್ರೀಸು ಹೊರಬರದಿದ್ದರೆ ನಿಪ್ಪಲ್ಲನ್ನು ಬಿಚ್ಚಿ ದಾರಿ ಸ್ವಚ್ಛ ಮಾಡಬೇಕು. ಒಳಗೆ ಇಳಿಯದ ಗ್ರೀಸು ಹಾಕದ ಗ್ರೀಸಿಗೆ ಸಮ.

ಖಾಸಗಿ ವಾಹನಗಳ ನೋಂದಣಿಯನ್ನು 15 ವರ್ಷಗಳ ನಂತರ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗಿದ್ದು, ಆಗ ಗಾಡಿಯ ಪರೀಕ್ಷೆಯೂ ನಡೆಯುತ್ತದೆ. ಆ ದಿನಕ್ಕೆಂದು ಬಣ್ಣ ಬಳಿಯುವ ಬದಲು ವರ್ಷಕ್ಕೊಮ್ಮೆ, ಕೊಯ್ಲಿನ ಓಡಾಟ ಮುಗಿದು ಮಳೆ ಹಿಡಿಯುವ ಮುನ್ನ, ಟೇಪು ಮತ್ತು ಹಾರೆಯ ಪರೀಕ್ಷೆ ಮಾಡುವ ಪದ್ಧತಿ ಇಟ್ಟುಕೊಂಡರೆ ಸಾಕು. ಎರಡು ಬದಿಯ ಅಳತೆಗಳನ್ನು ದಿನಾಂಕ ಸಹಿತ ತೋಟದ ಲೆಕ್ಕದ ಪುಸ್ತಕದಲ್ಲಿಯೇ ಬರೆದಿಡಬಹುದು. ಹೋದ ವರ್ಷದ ಅಂಕಿ ಎದುರಿಗಿದ್ದರೆ ಸವೆತ ಎಲ್ಲಿ ಆರಂಭವಾಗಿದೆಯೆಂಬುದು ಮುರಿಯುವ ಮೊದಲೇ ತಿಳಿಯುತ್ತದೆ. ಆಗ ಬದಲಾಯಿಸಬೇಕಾದದ್ದು ಒಂದು ಬುಶ್ ಮತ್ತು ಒಂದು ಪಿನ್ನು ಮಾತ್ರ.